ದೊಡ್ಡಮ್ಮನ ಸೆರಗಿನಲ್ಲಿ ನನ್ನ ಕಿವಿ

ಮಂಚದ ಕೆಳಗಿದ್ದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹಳೆಯ ಕೊಬ್ಬರಿಯ ಕಮಟು ವಾಸನೆ ಮೂಗಿಗೆ ಬಡಿಯಿತು. ಕಿವಿಗೆ ಹೊಸ ಮಿಷನ್ ಹಾಕಿಸಿಕೊಂಡು ಬಂದು ಒಂದು ವಾರವಾಗಿತ್ತು. ಅದರ ಜೊತೆ ಹೊಸ ಮೈಕೂ ಬಂದಿದೆ. ಹಳೆಯ ಮೈಕು ಇದಕ್ಕೆ ಹೊಂದುವುದಿಲ್ಲ, ಇಟ್ಟುಕೊಂಡು ಪ್ರಯೋಜನವಿಲ್ಲ ಎಂದು ಹಾಸನದ ಅಂಗಡಿಯ ಹುಡುಗಿ ಹೇಳಿ ಕಳಿಸಿದ್ದಳು. ಎಸೆಯುವ ಮುಂಚೆ ಒಂದು ಸಲ ನೋಡೋಣ ಎಂದು ಡಬ್ಬಿ ಎಳೆದಿದ್ದೆ, ಅಷ್ಟೆ. ಒಳಗೆ ಸುಲಿದು ಇಟ್ಟ, ಆದರೆ ಒಡೆಯದ ಒಂದು ತೆಂಗಿನಕಾಯಿ. ಅದರ ಪಕ್ಕದಲ್ಲಿ ಹೆಬ್ಬೆರಳುದ್ದದ ಮೈಕು. ಮೈಕನ್ನು ಮೂಗಿನ ಹತ್ತಿರ ಹಿಡಿದೆ. ಕೊಬ್ಬರಿಯ ಹಿಂದೆಯೇ ಎಲೆಯಡಿಕೆ, ಲವಂಗ, ಸ್ವಲ್ಪ ಒಲೆಯ ಹೊಗೆ... ಪಕ್ಕದ ಮನೆಯ ದೊಡ್ಡಮ್ಮ ಬಂದು ಎದುರಿಗೆ ಕೂತ ಹಾಗಾಯಿತು. ಇಷ್ಟು ವರ್ಷ ಆ ವಾಸನೆ ಉಳಿಯುವುದುಂಟೇ ಎಂದು ನನ್ನ ಗಂಡ ಕೇಳಿದರು. ಅವರ ಮೂಗಿಗೆ ಕೊಬ್ಬರಿ ಬಿಟ್ಟು ಬೇರೇನೂ ಸಿಗಲಿಲ್ಲವಂತೆ. ಇರಬಹುದು.

ಜಾವಗಲ್ಲಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮೋಟುಗೋಡೆ. ಅವರು ನಮಗೆ ನೆಂಟರೇನಲ್ಲ. ನಾನು ಹುಟ್ಟುವ ಮುಂಚಿನಿಂದಲೂ ಅಮ್ಮ ಅವರನ್ನು ‘ಅಕ್ಕ’ ಎನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡಮ್ಮ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ, ಊರಾಚೆ ತೆಂಗಿನ ತೋಟ. ತೋಟದ ಯಜಮಾನಿಕೆ ಮಗನದು. ಅಟ್ಟದ ಯಜಮಾನಿಕೆ ಮಾತ್ರ ದೊಡ್ಡಮ್ಮನದು, ಅದರಲ್ಲಿ ಯಾರೂ ತಲೆ ಹಾಕುವ ಹಾಗಿರಲಿಲ್ಲ. ನಮ್ಮ ಕಡೆ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗಿ ಕಳಚಿಕೊಂಡರೆ ಅದೇ ಕೊಬ್ಬರಿ ಗಿಟುಕು. ಆಗಿದೆಯೋ ಇಲ್ಲವೋ ಎನ್ನುವುದನ್ನು ನೋಡಿ ಹೇಳಲು ಬರುವುದಿಲ್ಲ, ಅಲ್ಲಾಡಿಸಿ ಕೇಳಬೇಕು. ದೊಡ್ಡಮ್ಮ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಕಣ್ಣು ತೆರೆದು, ‘ಆಗೈತೆ’ ಎನ್ನುತ್ತಿದ್ದರು, ಇಲ್ಲವೇ ಏನೂ ಹೇಳದೆ ಕಾಯಿಯನ್ನು ವಾಪಸ್ಸು ಇಡುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ ಬಂದ ಒಂದು ಜ್ವರ ನನ್ನ ಕಿವಿಯನ್ನು ಮುಕ್ಕಾಲು ಪಾಲು ಹೊತ್ತುಕೊಂಡು ಹೋಯಿತು. ಮಿಷನ್ ಹಾಕಿಸಿದರು. ಮಿಷನ್ ಹಾಕಿದರೆ ಎಲ್ಲ ಸರಿಹೋಯಿತು ಎಂದು ಜನ ತಿಳಿದಿದ್ದಾರೆ. ಸದ್ದು ಬರುತ್ತದೆ, ನಿಜ. ಆದರೆ ಎಲ್ಲ ಸದ್ದೂ ಒಟ್ಟಿಗೇ ಬರುತ್ತದೆ. ಫ್ಯಾನು, ಕುಕ್ಕರು, ಬೀದಿಯ ಬೈಕು, ಅದರ ಮಧ್ಯೆ ಎಲ್ಲೋ ಒಂದು ಮಾತು. ಎದುರಿಗೆ ನಿಂತು ಬಾಯಿ ಕಾಣುವ ಹಾಗೆ ಹೇಳಿದರೆ ಅರ್ಥವಾಗುತ್ತಿತ್ತು, ಮುಖ ಆಚೆ ತಿರುಗಿಸಿದರೋ ಮುಗಿಯಿತು. ಹೇಗೋ ಬಿ.ಎ. ಮುಗಿಸಿ, ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯತೊಡಗಿದೆ. ಕಿವಿಗೊಂದು ಮಿಷನ್, ಕಾಲಿಗೊಂದು ಮಿಷನ್ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಅರಸೀಕೆರೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪನೇ ಒಂದು ದಿನ ಆ ಮೈಕು ತಂದುಕೊಟ್ಟದ್ದು.

ಮಾತನಾಡುವವರು ಅದನ್ನು ಅಂಗಿಗೋ ಸೆರಗಿಗೋ ಸಿಕ್ಕಿಸಿಕೊಂಡರೆ ಸಾಕು. ಅವರು ನಡುಮನೆಯಲ್ಲಿರಲಿ, ಹಿತ್ತಲಿನಲ್ಲಿರಲಿ, ಮಾತು ತಂತಿಯಿಲ್ಲದೆ ನೇರವಾಗಿ ನನ್ನ ಕಿವಿಗೆ ಬಂದು ಬೀಳುತ್ತಿತ್ತು. ಅದು ಚಾಲೂ ಇದ್ದಷ್ಟು ಹೊತ್ತು ಕಿವಿಯ ಮಿಷನ್ ನನ್ನ ಸುತ್ತಲಿನ ಸದ್ದನ್ನು ತಗ್ಗಿಸಿ, ಮೈಕಿನದ್ದನ್ನೇ ಮುಂದೆ ಮಾಡುತ್ತಿತ್ತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಿಕ್ಕಿಸಿಕೊಳ್ಳುವವರು ಯಾರು ಎನ್ನುವುದೇ ಪ್ರಶ್ನೆಯಾಯಿತು. ಡಿಪೋದಲ್ಲಿ ಕೂಗಿ ಕೂಗಿ ಅಭ್ಯಾಸವಾಗಿದ್ದ ಅಪ್ಪನಿಗೆ ಅದರ ಅಗತ್ಯವೇ ಇರಲಿಲ್ಲ. ಅಮ್ಮ ಮುಟ್ಟಲೂ ಒಪ್ಪಲಿಲ್ಲ.

“ಇದನ್ನ ಎದೆ ಮೇಲೆ ಸಿಕ್ಕಿಸ್ಕೊಂಡು ನೀರಿಗೆ ಹೋಗ್ಲಾ? ಏನು ಅಂತ ಕೇಳ್ದೋರಿಗೆಲ್ಲ ನನ್ನ ಮಗಳಿಗೆ ಕಿವಿ ಕೇಳಲ್ಲ ಅಂತ ಹೇಳ್ಕೊಂಡು ತಿರುಗ್ಲಾ? ನಾಳೆ ನೋಡಕ್ಕೆ ಬರೋರ ಕಿವಿಗೂ ಬೀಳ್ತದೆ.”

ಊರಿಗೆಲ್ಲ ಗೊತ್ತಿದ್ದ ಸಂಗತಿಯದು. ಆದರೂ ಹೊರಗಿನವರಿಗೆ ಗೊತ್ತಾಗಬಾರದು, ಗೊತ್ತಾದರೆ ನನಗೆ ಮದುವೆಯೇ ಆಗುವುದಿಲ್ಲ ಎನ್ನುವುದು ಅಮ್ಮನ ಭಯ. ಆ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ನನಗೆ ಅದು ಗೊತ್ತಿತ್ತು, ಹಾಗಾಗಿ ಅವಳ ಮೇಲೆ ಪೂರ್ತಿ ಕೋಪವೂ ಬರುತ್ತಿರಲಿಲ್ಲ.

ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ದೊಡ್ಡಮ್ಮ ಕೈ ಚಾಚಿದರು. “ಕೊಡಿಲ್ಲಿ ನಿನ್ ಕಿವೀನ. ನಾ ಇಟ್ಕಂಡಿರ್ತೀನಿ.”

ಅಂದಿನಿಂದ ಬೆಳಿಗ್ಗೆ ಚಾರ್ಜು ಮಾಡಿದ ಮೈಕನ್ನು ಗೋಡೆಯ ಮೇಲಿಂದ ಕೊಡುವುದು, ಸಂಜೆ ವಾಪಸ್ಸು ಈಸಿಕೊಳ್ಳುವುದು ನಮ್ಮ ಪರಿಪಾಠವಾಯಿತು. ಕಿರುಚಬೇಡಿ, ಮೆಲ್ಲಗೆ ಹೇಳಿದರೂ ಕೇಳುತ್ತದೆ ಎಂದು ತಿಳಿಸಿಕೊಡಲು ಸುಮಾರು ದಿನ ಹಿಡಿಯಿತು. ಆಮೇಲೆ ಅವರು ಜಗಲಿಯ ಮೇಲೆ ಕೂತು, ನಾನು ಬಾಗಿಲಿಗೆ ಬೆನ್ನು ಮಾಡಿ ಹೊಲಿಯುತ್ತಿದ್ದರೂ, ಇಡೀ ಬೀದಿಯನ್ನು ನನ್ನ ಕಿವಿಗೆ ತಲುಪಿಸುತ್ತಿದ್ದರು. “ಮಗಾ, ಬ್ಲೌಸಿನೋಳು ಬತ್ತಾವ್ಳೆ, ಮುಖ ಊದುಸ್ಕೊಂಡವ್ಳೆ, ಬಿಗಿಯಾಯ್ತೇನೋ ನೋಡು.” ನಾನು ತಿರುಗಿ ನಗುತ್ತಾ ನಿಂತಿರುತ್ತಿದ್ದೆ. ಬಂದವಳಿಗೆ ಆಶ್ಚರ್ಯ, ಈ ಹುಡುಗಿಗೆ ಹೆಜ್ಜೆ ಸದ್ದು ಹೇಗೆ ಕೇಳಿಸಿತು ಎಂದು.

ಬಾಯಿ ಮುಚ್ಚುವ ಗುಂಡಿಯೊಂದು ಆ ಮೈಕಿನಲ್ಲಿತ್ತು. ಅದನ್ನು ದೊಡ್ಡಮ್ಮ ಒಂದು ದಿನವೂ ಒತ್ತಲಿಲ್ಲ. ಹಾಗಾಗಿ ಅವರ ಮಾತಿನ ಜೊತೆ ಬೇರೆಲ್ಲವೂ ನನ್ನ ಪಾಲಿಗೆ ಬರುತ್ತಿತ್ತು. ಬಳೆ, ಸೆರಗಿನ ಸರಪರ, ಮೊಮ್ಮಗುವಿನ ಅಳು, ಅಡಿಕೆ ಅಗಿಯುವ ಸದ್ದು. ಆ ಅಡಿಕೆಯಂತೂ ನನ್ನ ತಲೆಯೊಳಗೇ ಯಾರೋ ರಾಗಿ ಬೀಸುತ್ತಿರುವ ಹಾಗೆ. ಸೊಸೆಗೂ ಅವರಿಗೂ ಮಾತು ಬೆಳೆದಾಗ ನಾನೇ ನನ್ನ ಮಿಷನ್ನಿನ ಗುಂಡಿ ಒತ್ತಿ ಹೊರಗೆ ಬರಬೇಕಾಗಿತ್ತು. ಪ್ರತಿ ಸಲವೂ ಒತ್ತಿದೆ ಎಂದು ಹೇಳಿದರೆ ನೀವು ನಂಬುವುದಿಲ್ಲ ಬಿಡಿ.

ಹೊರಗೆ ಹೋದರೂ ಅಷ್ಟೆ. ಅರಸೀಕೆರೆಯ ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕ, ನನಗೆ ಅವರ ಪಕ್ಕ. ಬಸ್ಸಿನ ಗದ್ದಲದಲ್ಲಿ ಸದಾ ಮೂಕಿಯ ಹಾಗೆ ಕೂತಿರುತ್ತಿದ್ದ ನಾನು ಅವರ ಜೊತೆ ಹರಟೆ ಹೊಡೆದುಕೊಂಡು ಹೋಗುತ್ತಿದ್ದೆ. ಒಮ್ಮೆ ಹಳೇಬೀಡಿನ ದೇವಸ್ಥಾನದಲ್ಲಿ ಗೈಡೊಬ್ಬ ಯಾರಿಗೋ ಕಂಬ ತೋರಿಸಿ ವಿವರಿಸುತ್ತಿದ್ದ. ದೊಡ್ಡಮ್ಮ ಸೀದಾ ಹೋಗಿ ಅವನ ಕಾಲರಿಗೆ ಮೈಕು ಸಿಕ್ಕಿಸಿಬಿಟ್ಟರು. “ನೀ ಹೇಳಪ್ಪ ನಿನ್ ಪಾಡಿಗೆ, ನಮ್ ಹುಡ್ಗಿಗೂ ಕೇಳ್ಸ್ಲಿ.” ಪಾಪ, ಅವನು ಟಿ.ವಿ.ಯವರು ಬಂದಿರಬೇಕೆಂದು ತಲೆ ಬಾಚಿಕೊಂಡ. ಚೆನ್ನಾಗಿಯೇ ಹೇಳಿದ. ಹೇಳಿ ಮುಗಿಸಿ, ಮೈಕಿನ ಸಮೇತ ಟೀ ಕುಡಿಯಲು ಹೊರಟೇ ಹೋದ. ಅವನು ಟೀ ಊದಿ ಕುಡಿಯುವುದು ನನಗೆ ಕೇಳಿಸತೊಡಗಿದ ಮೇಲೆ ನಾವು ಹಿಂದೆ ಓಡಿದೆವು.

ಬಸ್ತಿಹಳ್ಳಿಯಿಂದ ನನ್ನನ್ನು ನೋಡಲು ಬರುತ್ತಾರೆ ಎಂದು ಗೊತ್ತಾದಾಗ ಅಮ್ಮ ಒಂದು ಉಪಾಯ ಹೂಡಿದಳು. ಕಿವಿ ಮುಚ್ಚುವ ಹಾಗೆ ಕೂದಲು ಇಳಿಬಿಟ್ಟು, ಮೇಲೆ ಮಲ್ಲಿಗೆ ಹೂವು. ದೊಡ್ಡಮ್ಮ ಸೆರಗಿನ ಮಡಿಕೆಯಲ್ಲಿ ಮೈಕು ಅಡಗಿಸಿಕೊಂಡು ಹುಡುಗನ ತಾಯಿಯ ಪಕ್ಕ ಕೂರಬೇಕು. ಅವರು ಕೇಳಿದ್ದೆಲ್ಲ ನನಗೆ ತಲುಪುತ್ತದೆ, ನಾನು ಥಟ್ಟನೆ ಉತ್ತರ ಕೊಡುತ್ತೇನೆ. ಮೈಕು ಮುಟ್ಟದಿದ್ದ ಅಮ್ಮನೇ ಹಾಕಿದ ಲೆಕ್ಕ ಇದು.

“ಹೇಳ್ಬುಡನ ಕಣವ್ವಾ. ಮದ್ವೆ ಆದ್ಮೇಲೆ ಗೊತ್ತಾಗಲ್ವಾ?” ಎಂದರು ದೊಡ್ಡಮ್ಮ.

“ನಿಶ್ಚಯ ಆಗೋವರ್ಗೂ ಸುಮ್ನಿರಿ ಅಕ್ಕ. ಆಮೇಲೆ ನಾನೇ ಹೇಳ್ತೀನಿ. ನಿಮ್ಮ ಕೈ ಮುಗೀತೀನಿ.” ಅಮ್ಮ ನಿಜವಾಗಿಯೂ ಕೈ ಮುಗಿದಳು. ದೊಡ್ಡಮ್ಮ ಅವಳ ಕೈ ಬಿಡಿಸಿ ಕೆಳಗಿಳಿಸಿ, ಆಯಿತು ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಬರುವವರು ಒಪ್ಪಿಬಿಟ್ಟರೆ ಬದುಕಿಡೀ ಕೂದಲು ಇಳಿಬಿಟ್ಟುಕೊಂಡೇ ಇರಬೇಕೇನೋ ಎನ್ನುವ ಯೋಚನೆ ನನಗೆ.

ಅವರು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಮೊದಲು ಎಲ್ಲ ಅಂದುಕೊಂಡ ಹಾಗೆಯೇ ನಡೆಯಿತು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಅಮ್ಮನ ಮುಖ ಅರಳಿತು. ಆಮೇಲೆ ಹುಡುಗನ ತಾಯಿ ಕೈ ತೊಳೆಯುವ ನೆಪ ಮಾಡಿ ಎದ್ದು, ದೊಡ್ಡಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಹೆಣ್ಣಿನ ವಿಷಯ ಪಕ್ಕದ ಮನೆಯವರ ಹತ್ತಿರ ವಿಚಾರಿಸುವುದು ನಮ್ಮ ಕಡೆ ನಡೆದು ಬಂದದ್ದೇ. ನೋಡಲು ಹೋದವರು ಅದನ್ನು ಮಾಡದೆ ಎದ್ದು ಬರುವುದಿಲ್ಲ. ಹಳ್ಳಿಯಲ್ಲೇ ಬೆಳೆದ ಅಮ್ಮನಿಗೆ ಅದು ಹೊಳೆಯದೇ ಹೋಯಿತು.

ಮೈಕು ದೊಡ್ಡಮ್ಮನ ಜೊತೆ ಹಿತ್ತಲಿಗೆ ಹೋಯಿತು. ನಾನು ನಡುಮನೆಯಲ್ಲೇ ಕೂತಿದ್ದೆ, ನನ್ನ ಕಿವಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವಿತ್ತು. ಎದುರಿಗೆ ಸೋದರಮಾವ ಮೀಸೆಯ ಮರೆಯಲ್ಲಿ ಏನೋ ಕೇಳಿದರು. ಅದೇ ಹೊತ್ತಿಗೆ ಕಿವಿಯೊಳಗೆ ಸ್ಪಷ್ಟವಾಗಿ, “ಹುಡ್ಗಿಗೆ ಮುದ್ದೆ ತಿರುವಕ್ಕೆ ಬತ್ತದಾ?” ಎಂಬ ಮಾತು. ಉತ್ತರ ಕೊಡುವ ಉಮೇದಿನಲ್ಲಿದ್ದ ನಾನು ಗಟ್ಟಿಯಾಗಿ ಹೇಳಿದೆ.

“ಮುದ್ದೆ ಚೆನ್ನಾಗಿ ತಿರುವ್ತೀನಿ.”

ಸೋದರಮಾವ ಕೇಳಿದ್ದು ನಾನು ಎಲ್ಲಿಯವರೆಗೆ ಓದಿದ್ದೇನೆ ಎಂದು. ಅಪ್ಪ ಛಾವಣಿ ನೋಡಿದರು. ಹುಡುಗ ನಕ್ಕ. “ಹೆದರ್ಕೊಂಡವ್ಳೆ” ಎಂದು ಅಮ್ಮ ಏನೇನೋ ತೇಪೆ ಹಾಕುತ್ತಿರುವುದು ಅವಳ ತುಟಿಯಲ್ಲಿ ಕಾಣುತ್ತಿತ್ತು. ಆದರೆ ನಾನು ಕೇಳಿಸಿಕೊಳ್ಳುತ್ತಿದ್ದುದು ಬೇರೆ.

“ತಪ್ಪು ತಿಳ್ಕೋಬ್ಯಾಡಿ ಅಕ್ಕ. ಆಗ್ಲಿಂದ ನೋಡ್ತಾ ಇವ್ನಿ, ಹುಡ್ಗಿ ಎಲ್ರು ಬಾಯಿ ನೋಡ್ಕೊಂಡೇ ಕೂತವ್ಳೆ. ಕಿವಿ ಏನಾರ...”

ಅಡಿಕೆ ಅಗಿಯುವ ಸದ್ದು ನಿಂತಿತು. ಇಲ್ಲ ಎನ್ನಲಿ ಎಂದು ಬೇಡಿಕೊಂಡೆನೋ, ಹೌದು ಎನ್ನಲಿ ಎಂದೋ... ಈಗ ಎಷ್ಟು ನೆನೆದರೂ ಹೊಳೆಯುವುದಿಲ್ಲ.

“ಮಂದ ಕಣವ್ವಾ,” ಎಂದರು ದೊಡ್ಡಮ್ಮ. “ಆದ್ರೆ ನೀನೀಗ ಕೇಳಿದ್ದು ಅವ್ಳಿಗೆ ಕೇಳ್ಸೈತೆ.” ಸೆರಗು ಸರಿಸಿದ ಸದ್ದು. ಮತ್ತೆ, ನನಗೇ ಹೇಳುವ ಹಾಗೆ, ಮೆಲ್ಲಗೆ, “ಮಗಾ, ಕೇಳ್ಸ್ತಾ?”

“ಕೇಳಿಸ್ತು ದೊಡ್ಡಮ್ಮ,” ಎಂದೆ ನಾನು, ನಡುಮನೆಯಲ್ಲಿ, ಎಲ್ಲರ ಎದುರಿಗೆ. ಕೂದಲನ್ನು ಎರಡೂ ಕೈಯಿಂದ ಎತ್ತಿ ಕಿವಿಯ ಹಿಂದೆ ಸಿಕ್ಕಿಸಿಕೊಂಡೆ. ಮಲ್ಲಿಗೆ ದಂಡೆ ಕೆಳಗೆ ಬಿತ್ತು.

ಬಂದವರು ಒಳ್ಳೆಯ ಜನ. ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಹೋದರು, ತಿಳಿಸಲಿಲ್ಲ. ಅವರ ಗಾಡಿ ತಿರುವು ದಾಟುವ ಮುಂಚೆಯೇ ಅಮ್ಮ ಹಿತ್ತಲಿಗೆ ಹೋದಳು. “ಒಂದು ಮಾತು ಇಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕ? ನನ್ ಮಗಳ ಬಾಳಿಗೆ ಕಲ್ಲು ಹಾಕ್ಬಿಟ್ರಲ್ಲ.” ದೊಡ್ಡಮ್ಮ ಮೈಕನ್ನು ಬಿಚ್ಚಿ ಒಗೆಯುವ ಕಲ್ಲಿನ ಮೇಲಿಟ್ಟು ಹೊರಟುಹೋದರು. ಅಮ್ಮ ಅವರ ಜೊತೆ ಆಡಿದ ಕೊನೆಯ ಮಾತು ಅದು.

ನನಗೆ ಹೇಳಲಾರದಷ್ಟು ಹಗುರವಾಗಿತ್ತು. ಅಳುತ್ತಿದ್ದ ಅಮ್ಮನ ಎದುರಿಗೆ ಅದನ್ನು ಹೇಗೆ ಹೇಳುವುದು? ಮಾರನೆಯ ದಿನ ಬಿಗಿಯಾಗಿ ಜಡೆ ಹೆಣೆದುಕೊಂಡು, ಎರಡೂ ಕಿವಿ ಕಾಣುವ ಹಾಗೆ, ಮೈಕು ಹಿಡಿದು ಗೋಡೆಯ ಹತ್ತಿರ ಹೋದೆ. ಅಮ್ಮ ತಡೆಯಲಿಲ್ಲ, ಮುಖ ತಿರುಗಿಸಿಕೊಂಡು ಒಳಗೆ ಹೋದಳು. ದೊಡ್ಡಮ್ಮ ನನ್ನನ್ನು ತಮ್ಮ ಮನೆಯ ಅಟ್ಟದ ಏಣಿಯ ಕೆಳಗೆ ನಿಲ್ಲಿಸಿ, ಮೈಕು ಸೆರಗಿಗೆ ಸಿಕ್ಕಿಸಿಕೊಂಡು ಮೇಲೆ ಹತ್ತಿದರು. ಹೊಸದಾಗಿ ಏರಿಸಿದ ಕಾಯಿಗಳಲ್ಲಿ ಒಳ್ಳೆಯವನ್ನು ಆರಿಸಿ ಮೂಲೆಗೆ ಸರಿಸುವುದು ಕೇಳಿಸಿತು.

“ಇವು ನಿನ್ ಮಡ್ಲಿಗೆ ಕಣೇ. ಗಿಟುಕಾಗಕ್ಕೆ ವರ್ಷ ಬೇಕು. ಅಷ್ಟ್ರೊಳಗೆ ಬತ್ತಾನೆ ಬಿಡು, ಈ ಮೈಕು ಕೊಟ್ರೆ ಸಿಕ್ಕುಸ್ಕೊಳೋನು.”

ಮದುವೆಯ ದಿನ ಹೆಣ್ಣಿನ ಮಡಿಲಿಗೆ ಅಕ್ಕಿ, ಬೆಲ್ಲದ ಜೊತೆ ತುಂಬುವ ಕೊಬ್ಬರಿ ಗಿಟುಕಿನ ಮಾತದು. ನಾನು ನಕ್ಕೆ. ಆಗ ಅವರು ಒಂದು ಕಾಯಿಯನ್ನು ಎದೆಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗುಳುಗುಳು ನೀರು. “ಇದು ಹಸಿ.” ಇನ್ನೊಂದು, ಹಿಂದಿನ ವರ್ಷದ್ದು. ಲೊಟ ಲೊಟ, ಲೊಟ ಲೊಟ. “ಇದು ಆಗೈತೆ.” ಚಿಕ್ಕಂದಿನಿಂದ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದುದು ಏನನ್ನು ಎಂದು ನನಗೆ ಗೊತ್ತಾದದ್ದು ಅವತ್ತು. ಏಣಿ ಹಿಡಿದುಕೊಂಡು ನಿಂತು ಅತ್ತುಬಿಟ್ಟೆ. ಮೈಕಿನಲ್ಲಿ ಅವರ ಸದ್ದು ನನಗೆ ಬರುತ್ತದೆ, ನನ್ನದು ಅವರಿಗೆ ಹೋಗುವುದಿಲ್ಲ. ಅವರಿಗೆ ಕೇಳಿಸಲಿಲ್ಲ.

ಆಮೇಲೆ ಪ್ರತಿದಿನ, ಬೇರೆಲ್ಲ ಸುದ್ದಿ ಮುಗಿದ ಮೇಲೆ, ಕಿವಿಯಲ್ಲಿ ಒಂದು ಪ್ರಶ್ನೆ ಬರುತ್ತಿತ್ತು. “ನಿಮ್ಮವ್ವ ಉಂಡ್ಲಾ?” ನಾನು ಕಿಟಕಿಯಿಂದ ತಲೆಯಾಡಿಸುತ್ತಿದ್ದೆ. ಅಷ್ಟೇ ಅವರಿಗೆ ಬೇಕಾಗಿದ್ದುದು. ಅಮ್ಮನಿಗೆ ಎಷ್ಟು ಹೇಳಿದರೂ ಅವಳು ಸೋಲಲಿಲ್ಲ.

ಮಾಗಿಯ ಚಳಿಯಲ್ಲಿ ದೊಡ್ಡಮ್ಮನಿಗೆ ಎದೆಯಲ್ಲಿ ಕಫ ಕಟ್ಟಿತು. ಅವರ ಉಸಿರು ಸಿಳ್ಳೆ ಹಾಕುವುದು ಮನೆಯವರೆಲ್ಲರಿಗಿಂತ ಮೊದಲು ಕೇಳಿಸಿದ್ದು ನನಗೆ. ಅವರ ಮಗನಿಗೆ ಹೋಗಿ ಹೇಳಿದೆ, ಅರಸೀಕೆರೆಗೆ ಕರೆದುಕೊಂಡು ಹೋಗಿ ತೋರಿಸಿದರು. ಔಷಧಿಗೆ ಸ್ವಲ್ಪ ದಿನ ಸುಧಾರಿಸಿಕೊಂಡರು, ಜಗಲಿಗೂ ಬಂದು ಕೂತರು. ಮತ್ತೆ ಮಲಗಿದವರು ಏಳಲಿಲ್ಲ... ಹೆಣದ ಮುಂದೆ ಅಮ್ಮ ಬಂದು ನಿಂತಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಬೀದಿಯ ಹೆಂಗಸರು ಅದನ್ನು ಗಮನಿಸಿದರು, ನಾನೂ ಗಮನಿಸಿದೆ.

ಮಳೆಗಾಲಕ್ಕೆ ಮುಂಚೆ ಗೆಂಡೆಹಳ್ಳಿಯ ಕಡೆಯಿಂದ ಇನ್ನೊಬ್ಬರು ಬಂದರು. ಬೇಲೂರಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಈ ಸಲ ನಾನು ಯಾರನ್ನೂ ಕೇಳದೆ ಕಾಫಿ ತಟ್ಟೆಯಲ್ಲಿ ಲೋಟಗಳ ಪಕ್ಕ ಮೈಕನ್ನೂ ಇಟ್ಟುಕೊಂಡು ಹೋದೆ. ಅವರು ಕಾಫಿಗಿಂತ ಮೊದಲು ಮೈಕನ್ನೇ ಎತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿ, ಜೇಬಿಗೆ ಸಿಕ್ಕಿಸಿ, ತಲೆ ಬಗ್ಗಿಸಿ, “ಹಲೋ ಹಲೋ, ಮೈಕ್ ಟೆಸ್ಟಿಂಗ್” ಎಂದರು. ಅಪ್ಪ ಮನೆ ಹಾರಿಹೋಗುವ ಹಾಗೆ ನಕ್ಕರು. ಮದುವೆ ಗೊತ್ತಾಯಿತು.

ಮದುವೆಗೆ ಸ್ವಲ್ಪ ದಿನವಿದೆ ಎನ್ನುವಾಗ ದೊಡ್ಡಮ್ಮನ ಮಗ ಗೋಡೆಯ ಹತ್ತಿರ ಬಂದರು. “ಅವ್ವ ಕೂಸಿನ ಮಡ್ಲಿಗೆ ಅಂತ ಎತ್ತಿಟ್ಟಿದ್ದ ಕಾಯಿ ಅಂಗೇ ಅವೆ. ನಾವ್ ಯಾರೂ ಮುಟ್ಟಿಲ್ಲ. ನೋಡಿ ಇಳಿಸ್ಕೊಳ್ಳಿ.” ಅಮ್ಮ ಒಳಗೆ ಬಂದು, ಹೊಲಿಗೆ ಮಿಷನ್ನಿನ ಡ್ರಾಯರು ಎಳೆದು, ಮೈಕು ತೆಗೆದಳು. ನನ್ನ ಮುಖ ನೋಡದೆ ಸೆರಗಿಗೆ ಸಿಕ್ಕಿಸಿಕೊಂಡಳು, ತಲೆಕೆಳಗಾಗಿ. ಹಾಗೆಯೇ ಬೀದಿಗಿಳಿದು, ನಡೆದುಕೊಂಡು, ಮುಂಬಾಗಿಲಿನಿಂದಲೇ ಆ ಮನೆಗೆ ಹೋದಳು. ಹಿಂದೆ ನಾನು.

ಅಮ್ಮ ಅಟ್ಟ ಹತ್ತಿದಳು. ನಾನು ಏಣಿಯ ಕೆಳಗೆ, ಹಿಂದೆ ನಿಂತಿದ್ದ ಜಾಗದಲ್ಲೇ ನಿಂತೆ. ಅವಳ ಬಳೆಯ ಸದ್ದು ಇಷ್ಟು ಹತ್ತಿರದಿಂದ ನನಗೆ ಕೇಳಿಸಿದ್ದು ಅದೇ ಮೊದಲು. ಏದುಸಿರು, ಧೂಳಿಗೆ ಒಂದು ಸೀನು, ಕಾಯಿಗಳು ಉರುಳುವ ಸದ್ದು. ಮತ್ತೆ, ಲೊಟ ಲೊಟ. ಇನ್ನೊಂದು ಎತ್ತಿಕೊಂಡಳು. ಲೊಟ ಲೊಟ. ಆಮೇಲೆ ಅಮ್ಮನ ದನಿ, ನನ್ನ ಕಿವಿಯೊಳಗೆ, ಬಹಳ ಮೆಲ್ಲಗೆ.

“ಆಗವೆ ಕಣಕ್ಕಾ... ಎಲ್ಲಾ ಆಗವೆ.”

ಅದಾದ ಮೇಲೆ ಅವಳು ಅತ್ತಳು. ಹೆಣದ ಮುಂದೆ ಅಳದಿದ್ದುದನ್ನೆಲ್ಲ ಆ ಅಟ್ಟದ ಮೇಲೆ ಅತ್ತಳು. ಎದೆಯ ಮೇಲಿನ ಮೈಕು ಅವಳಿಗೆ ಮರೆತುಹೋಗಿತ್ತೋ, ಒಬ್ಬರಿಗಾದರೂ ಕೇಳಿಸಲಿ ಎಂದೇ ಅತ್ತಳೋ, ನಾನು ಇವತ್ತಿನವರೆಗೂ ಕೇಳಿಲ್ಲ. ಈಗ ಬೇಲೂರಿಗೆ ಬಂದರೆ ಚಪ್ಪಲಿ ಬಿಡುವ ಮುಂಚೆ, “ಎಲ್ಲೇ ನಿನ್ನ ಮೈಕು?” ಎಂದು ಕೈ ಚಾಚುತ್ತಾಳೆ. ಅಂದು ಇಳಿಸಿದ ಕಾಯಿಗಳಲ್ಲಿ ಮಡಿಲಿಗೆ ಬೇಕಾದಷ್ಟನ್ನು ಒಡೆದೆವು. ಒಂದನ್ನು ಮಾತ್ರ ಸುಲಿದು, ಒಡೆಯದೆ ನಾನು ಇಟ್ಟುಕೊಂಡೆ. ಡಬ್ಬಿಯಲ್ಲಿರುವುದು ಅದೇ.

ಮೊನ್ನೆ ಆ ಕಾಯಿಯನ್ನು ಹೊಸ ಮೈಕಿನ ಹತ್ತಿರ ಹಿಡಿದು ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ. ಹೊಸದು ಬಹಳ ಜಾಣ, ಮಾತನ್ನಷ್ಟೇ ಕಳಿಸಿ ಉಳಿದ ಸದ್ದನ್ನೆಲ್ಲ ಸೋಸಿಬಿಡುತ್ತದೆ ಎಂದು ಅಂಗಡಿಯ ಹುಡುಗಿ ಹೆಮ್ಮೆಯಿಂದ ಹೇಳಿದ್ದು ನೆನಪಾಯಿತು. ಒಳ್ಳೆಯದೇ. ಸಂತೆಯಲ್ಲೂ ಗಂಡನ ಮಾತು ಚೆನ್ನಾಗಿ ಕೇಳುತ್ತದೆ. ಆದರೆ ಇದೇ ಮೈಕು ಅಂದು ದೊಡ್ಡಮ್ಮನ ಸೆರಗಿನಲ್ಲಿದ್ದಿದ್ದರೆ ಬಳೆ, ಅಡಿಕೆ, ಉಸಿರು, ಕಾಯಿ ಎಲ್ಲವನ್ನೂ ಸೋಸಿ ಚೆಲ್ಲಿ, ಬರೀ ಮಾತು ಕೊಟ್ಟಿರುತ್ತಿತ್ತು. ನನಗೆ ಉಳಿದಿರುವ ದೊಡ್ಡಮ್ಮನಲ್ಲಿ ಮಾತು ಕಡಿಮೆ, ಆ ಸದ್ದುಗಳೇ ಹೆಚ್ಚು.

ಕಿವಿಯಿಂದ ಎರಡೂ ಮಿಷನ್ ತೆಗೆದಿಟ್ಟೆ. ಅವರ ಹಾಗೆ ಕಣ್ಣು ಮುಚ್ಚಿಕೊಂಡು ಕಾಯಿಯನ್ನು ಅಲ್ಲಾಡಿಸಿದೆ. ಸದ್ದು ಕೇಳಲಿಲ್ಲ, ಒಳಗಿನ ಗಿಟುಕು ಕರಟಕ್ಕೆ ಬಡಿಯುವುದು ಅಂಗೈಗೆ ಮಾತ್ರ ತಿಳಿಯಿತು.

“ಆಗೈತೆ ದೊಡ್ಡಮ್ಮ” ಎಂದೆ. ಎಷ್ಟು ಜೋರಾಗಿ ಅಂದೆನೋ ಗೊತ್ತಿಲ್ಲ, ಗಂಡ ಒಳಗಿನಿಂದ ಓಡಿಬಂದು ನೋಡಿದರು. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.